ಮೌಸ್ ಬಿಟ್ಟೆ, ಕೆಲಸ ಬಿಡಲಿಲ್ಲ

ಡಾಕ್ಟರು ಎರಡು ದಾರಿ ಹೇಳಿದರು. ಮನೆಯವರಿಗೆ ಕೇಳಿಸಿದ್ದು ಒಂದೇ.

ರಾಣೆಬೆನ್ನೂರಿನ ಆ ಮೂಳೆ ಡಾಕ್ಟರು ನನ್ನ ಬಲಗೈ ಮಣಿಕಟ್ಟು ತಿರುಗಿಸಿ ನೋಡಿದರು. ನಾನು ‘ಅವ್ವಾ’ ಎಂದ ಜಾಗವನ್ನೇ ಇನ್ನೊಮ್ಮೆ ಒತ್ತಿದರು. (ಡಾಕ್ಟರುಗಳೆಲ್ಲ ಹೀಗೇಕೆ?) “ಮೌಸ್ ಹಿಡದು ಹಿಡದು ಬಾವು ಬಂದೈತ್ರಿ. ಟೈಪ್ ಮಾಡ್ರಿ, ನಡುನಡುವ ಕೈಗೆ ಆರಾಮ ಕೊಡ್ರಿ. ಆದ್ರ ಮೌಸ್ ಬಿಡ್ರಿ. ಇಲ್ಲಾಂದ್ರ ಕೆಲಸಾನ ಬಿಡಬೇಕಾಗತೈತಿ” ಎಂದರು.

ಹಾವೇರಿಯ ಮನೆಯಲ್ಲೇ ಕುಳಿತು ಒಂದು ಸಾಫ್ಟ್‌ವೇರ್ ಕಂಪನಿಗೆ ಕೋಡ್ ಬರೆಯುವವಳು ನಾನು. ಊರಿಗೆ ಮರಳುವ ಬಸ್ಸಿನಲ್ಲೇ ಗಂಡ ತೀರ್ಪು ಕೊಟ್ಟರು: “ಕೆಲಸ ಬಿಟ್ಟುಬಿಡು. ನಲವತ್ತಾರಾತು. ಇನ್ನೆಷ್ಟು ದುಡೀತಿ?”

ಅವರಿಗೆ ಐವತ್ತೊಂದು. ಬ್ಯಾಡಗಿಯ ಕಿರಾಣಿ ಅಂಗಡಿ ಮುಚ್ಚಿ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಅತ್ತೆಯವರಂತೂ ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊತ್ತರು. (ಕೈ ವಾಸಿಯಾಗಲಿ ಎಂದೋ, ಸೊಸೆ ಕೆಲಸ ಬಿಡಲಿ ಎಂದೋ, ನಾನು ಕೇಳಲಿಲ್ಲ.)

ನಾನು ಮೊದಲನೇ ದಾರಿ ಹಿಡಿದೆ. ಮೌಸನ್ನು ಗಂಡನ ಅಂಗಡಿಗೇ ಕಳಿಸಿಬಿಟ್ಟೆ.

ಮೌಸ್ ಮುಟ್ಟದೆ, ಎಲ್ಲವನ್ನೂ ಕೀಬೋರ್ಡಿನಿಂದಲೇ ನಡೆಸುವ ಎಡಿಟರುಗಳಿವೆ, ಅಂದರೆ ಕೋಡ್ ಬರೆಯುವ ತಂತ್ರಾಂಶಗಳು. ಅಲ್ಲಿ ಪ್ರತಿ ಅಕ್ಷರಕ್ಕೂ ಎರಡು ಅವತಾರ. ಒಂದು ಸ್ಥಿತಿಯಲ್ಲಿ ‘ಜೆ’ ಒತ್ತಿದರೆ ‘ಜೆ’ ಮೂಡುತ್ತದೆ. ಇನ್ನೊಂದರಲ್ಲಿ ಅದೇ ‘ಜೆ’ ಕರ್ಸರನ್ನು ಕೆಳಗಿನ ಸಾಲಿಗೆ ಇಳಿಸುತ್ತದೆ. ಮೊದಲ ದಿನ ಯಾವ ಸ್ಥಿತಿಯಲ್ಲಿದ್ದೇನೆ ಎಂದು ನೋಡದೆ ಇಂಗ್ಲಿಷಿನಲ್ಲಿ ‘ಮಿಡಲ್’ ಎಂದು ಟೈಪಿಸಿದೆ. ನಡುವಿನ ಎರಡು ‘ಡಿ’ ಬಿದ್ದದ್ದೇ ತಡ, ಬರೆದಿಟ್ಟಿದ್ದ ಸಾಲೇ ಮಾಯ! (ಅಲ್ಲಿ ಜೋಡಿ ‘ಡಿ’ ಎಂದರೆ ಸಾಲನ್ನು ಅಳಿಸು ಎಂಬ ಆಜ್ಞೆ.) ಇಲ್ಲದ ಮೌಸಿಗಾಗಿ ಬಲಗೈ ಮೇಜಿನ ಮೇಲೆ ತಡಕಾಡುತ್ತಿತ್ತು. ಬೆಳಗಿನ ಕೆಲಸ ಸಂಜೆಗೆ ಜಾರಿತು. ಅತ್ತೂಬಿಟ್ಟೆ, ಒಮ್ಮೆ.

ಆದರೆ ಬೆರಳುಗಳು ನಿಧಾನವಾಗಿ ಕಲಿತವು. ನೋವು ಇಳಿಯಿತು. ಆಮೇಲೆ ಶುರುವಾಯಿತು ನನ್ನ ದರ್ಬಾರು. ಸ್ಥಿತಿ ಬದಲಿಸುವ ಎಸ್ಕೇಪ್ ಕೀಲಿ ದೂರದಲ್ಲಿತ್ತು; ಅದರ ಕೆಲಸವನ್ನು ಎಡಗೈ ಕಿರುಬೆರಳಿನ ಪಕ್ಕದ ಕೀಲಿಗೆ ವಹಿಸಿದೆ. ಆಜ್ಞೆಗಳಿಗೆ ನನ್ನ ಮಾತಿನ ಹೆಸರಿಟ್ಟೆ. ಸರ್ಚ್ ‘ಹುಡುಕು’ ಆಯಿತು, ಬಿಲ್ಡ್ ‘ಕಟ್ಟು’ ಆಯಿತು. ಹಿಂದಿನ ಫೈಲಿಗೆ ಮರಳಬೇಕೇ? ‘ಹೊಳ್ಳಿ ಬಾ’. ಸ್ಕ್ರೀನಿನ ಮೂಲೆಯಲ್ಲಿ ಈ ಹೆಸರುಗಳ ಮೆನು ಕನ್ನಡದಲ್ಲೇ ಮೂಡುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಎಲ್ಲಿರಬೇಕೆಂದು ಕೂಡ ನಾಲ್ಕು ಜನ ಹೇಳುವ ಮನೆಯಲ್ಲಿ, ಇದೊಂದು ಜಾಗ ಪೂರ್ತಿ ನನ್ನದು.

ಹಾಗಂದುಕೊಂಡಿದ್ದೆ. ಒಂದು ದಿನ ಮೀಟಿಂಗಿನಲ್ಲಿ ಸ್ಕ್ರೀನ್ ಹಂಚಿಕೊಂಡಾಗ ಬೆಂಗಳೂರಿನ ಟೀಮ್ ಲೀಡ್ ತಡೆದರು. ನನಗಿಂತ ಬಹಳ ಚಿಕ್ಕವರು.

“ಮೇಡಂ, ಏನಿದು ‘ಹೊಳ್ಳಿ ಬಾ’? ಎಲ್ಲರೂ ಒಂದೇ ಎಡಿಟರ್ ಯೂಸ್ ಮಾಡೋಣ. ಸ್ಟ್ಯಾಂಡರ್ಡ್ ಆಗಿರಲಿ.”

“ನಾ ಬರದ ಕೋಡ್‌ನ್ಯಾಗ ಯಾವ ಸಾಲಿನ್ಯಾಗ ನನ್ನ ಎಡಿಟರ್ ಕಾಣತೈತಿ, ತೋರಸ್ರಿ” ಎಂದೆ.

ನನ್ನ ಕೈನೋವಿನ ಸುದ್ದಿ ಅವರಿಗೂ ಗೊತ್ತಿತ್ತು. “ಅದಲ್ಲ ಮೇಡಂ, ಕಷ್ಟ ಆದ್ರೆ ನೀವು ಡಾಕ್ಯುಮೆಂಟೇಶನ್‌ಗೆ ಶಿಫ್ಟ್ ಆಗಿ. ಕೈಗೂ ರೆಸ್ಟ್ ಸಿಗತ್ತೆ.”

“ಅಲ್ಲಿ ಇದಕ್ಕಿಂತ ಹೆಚ್ಚು ಟೈಪ್ ಮಾಡಬೇಕಲ್ರಿ? ನಾ ಕೋಡ್ ಬಿಡಂಗಿಲ್ಲ, ಎಡಿಟರ್ ಬದಲ್ಸಂಗೂ ಇಲ್ಲ.”

ಧ್ವನಿಯೇನೋ ಗಟ್ಟಿಯಾಗಿತ್ತು, ಮನಸ್ಸು ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿತ್ತು. ಈ ಕೆಲಸ ಹೋದರೆ ಹಾವೇರಿಯಲ್ಲಿ ಕುಳಿತ ನಲವತ್ತಾರರ ಹೆಂಗಸನ್ನು ಯಾರು ಕರೆಯುತ್ತಾರೆ?

ಅಂದು ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ. “ಯಾಕ ಹಟ ಮಾಡ್ತಿ? ಎಲ್ಲಾರ ಹಂಗ ಇದ್ರ ಏನಾಗತೈತಿ?” ಎಂದರು.

“ನಿಮ್ಮ ಅಂಗಡ್ಯಾಗ ತಕ್ಕಡಿ ಎಡಕ್ಕ ಯಾಕ ಐತಿ?”

“ನಾ ಎಡಚ ಅಲ್ಲೇನು? ಕೈಗೆ ಸಿಗಬೇಕಲ್ಲ!”

“ನನಗೂ ಕೈಗೆ ಸಿಗಬೇಕ್ರಿ.”

ಅವರು ರೊಟ್ಟಿ ಮುರಿದುಕೊಂಡರು. ಕೆಲಸ ಬಿಡು ಎಂಬ ಮಾತು ಆಮೇಲೆ ಬಂದಿಲ್ಲ.

ಕೆಲಸವೂ ಹೋಗಲಿಲ್ಲ. ಕಳೆದ ವಾರ ಟೀಮ್ ಲೀಡ್ ಫೋನಿನಲ್ಲಿ ವರ್ಷದ ವಿಮರ್ಶೆ ಹೇಳಿದರು. ಕೋಡ್ ಚೆನ್ನಾಗಿದೆಯಂತೆ, ತಕರಾರಿಲ್ಲವಂತೆ. ಕೊನೆಯಲ್ಲಿ ಒಂದು ಮಾತು ಸೇರಿಸಿದರು: “ಹೊಸದಕ್ಕೆ ಅಡ್ಜಸ್ಟ್ ಆಗೋ ಗುಣ ಸ್ವಲ್ಪ ಕಡಿಮೆ, ಮೇಡಂ.”

ಈ ವಯಸ್ಸಿನಲ್ಲಿ ಹತ್ತೂ ಬೆರಳಿಗೆ ಹೊಸದಾಗಿ ಅಕ್ಷರಾಭ್ಯಾಸ ಮಾಡಿಸಿದವಳು ನಾನು. ಎರಡು ಕನ್ನಡ ಪದ ನೋಡಿ ಮೀಟಿಂಗ್ ನಿಲ್ಲಿಸಿದವರು ಅವರು. ಅಡ್ಜಸ್ಟ್ ಆಗಬೇಕಾದವರು ಯಾರು, ನೀವೇ ಹೇಳಿ?