ಶಾಲೆ ನೋಡುವ ದಿನ ಸೊಪ್ಪಿಗೆ ನೀರು

ನ್ಯೂ ಆರ್ಲಿಯನ್ಸಿನ ವಿದ್ಯಾಭ್ಯಾಸದ ಭವಿಷ್ಯ ಈ ಚಳಿಗಾಲದಲ್ಲಿ ಒಂದು ಗಹನವಾದ ಪ್ರಶ್ನೆಯ ಮೇಲೆ ನಿಂತಿದೆ: ಶಾಲೆ ನೋಡಲು ಬರುವ ತಂದೆತಾಯಿಯರಿಗೆ ಕಿಂಗ್ ಕೇಕನ್ನು ಶಾಲೆ ತೋರಿಸುವ ಮೊದಲು ಕೊಡಬೇಕೋ, ತೋರಿಸಿದ ಮೇಲೆ ಕೊಡಬೇಕೋ? ಊರಿನ ಜೆಂಟಿಲಿ ಬಡಾವಣೆಯ ಒಂದು ಚಾರ್ಟರ್ ಶಾಲೆಯಲ್ಲಿ ಇದರ ಇತ್ಯರ್ಥಕ್ಕಾಗಿ ಎರಡು ಸಭೆಗಳು ನಡೆದಿವೆ. ಮೊದಲೇ ಕೊಟ್ಟರೆ ತಿಂದು ಜಾರಿಕೊಳ್ಳುತ್ತಾರೆ ಎಂದು ಒಂದು ಬಣ, ಕೊನೆಗೆ ಇಟ್ಟರೆ ತಿನ್ನದೆಯೇ ಜಾರಿಕೊಳ್ಳುತ್ತಾರೆ ಎಂದು ಇನ್ನೊಂದು ಬಣ. ಕೇಕಿನೊಳಗೆ ಅಡಗಿಸಿಟ್ಟ ಪ್ಲಾಸ್ಟಿಕ್ ಬೊಂಬೆ ಯಾರ ಚೂರಿನಲ್ಲಿ ಬರುತ್ತದೋ ಅವರು ಮುಂದಿನ ಕೇಕ್ ತರಬೇಕೆಂಬುದು ಕಾರ್ನಿವಲ್ ದಿನಗಳ ಕಟ್ಟಳೆ. ಹೋದ ವರ್ಷ ಬೊಂಬೆ ಸಿಕ್ಕ ತಂದೆಯೊಬ್ಬರು ಕೇಕೂ ತರಲಿಲ್ಲ, ಮಗಳನ್ನೂ ಸೇರಿಸಲಿಲ್ಲ. ಹಾಗಾಗಿ ಈ ಸಲ ಬೊಂಬೆಯನ್ನು ತೆಗೆದೇ ಕೊಡುವುದೆಂದು ನಿರ್ಣಯವಾಗಿದೆ.

"ಮೊದ್ಲೇ ಕೊಡ್ಬೇಕು," ಎನ್ನುತ್ತಾರೆ ಅಲ್ಲಿ ತರಗತಿಯ ಸಹಾಯಕಿಯಾಗಿರುವ ವರ್ಡೆಲ್ ಪಿಕೂ. "ಬಾಯ್ತುಂಬ ಕೇಕ್ ಇದ್ರೆ ಯಾರೂ ಎಡವಟ್ಟು ಪ್ರಶ್ನೆ ಕೇಳಕ್ಕಾಗಲ್ಲ."

ಈ ಮತವನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ತರಗತಿಯ ಸಹಾಯಕಿಯರನ್ನು ಸಭೆಗೆ ಕರೆಯುವುದು ಕುರ್ಚಿ ಹಾಕುವುದಕ್ಕೆ.

ಬೀದಿದೀಪಗಳು ಇನ್ನೂ ಆರದ ಹೊತ್ತು. ಮಕ್ಕಳನ್ನು ಹತ್ತಿಸಿಕೊಳ್ಳುವ ಶಾಲೆಯ ಹಳದಿ ಬಸ್ಸು ಒಂದೊಂದೇ ತಿರುವಿನಲ್ಲಿ ಉಸಿರು ಬಿಟ್ಟು ನಿಲ್ಲುತ್ತಿದೆ. ಪ್ರತಿ ಸಲವೂ ಬಾಗಿಲಿನಿಂದ ಮೊದಲು ಇಳಿಯುವುದು ವರ್ಡೆಲ್ ಅವರ ಬಲಗಾಲು. ಎಡ ಮಂಡಿ ಅರವತ್ತು ದಾಟಿದ ಮೇಲೆ ಮೆಟ್ಟಿಲುಗಳ ಜೊತೆ ಮಾತು ಬಿಟ್ಟಿದೆ. ಅವರು ಇಳಿಯುತ್ತಾರೆ, ಮಗುವಿನ ಸ್ವೆಟರ್ ಗುಂಡಿ ಹಾಕುತ್ತಾರೆ, ಗಾಲಿಕುರ್ಚಿ ಇದ್ದರೆ ಎತ್ತುವ ಹಲಗೆಯ ಮೇಲೆ ಅದನ್ನು ನಿಲ್ಲಿಸಿ ಪಟ್ಟಿ ಬಿಗಿಯುತ್ತಾರೆ, ಮನೆಯವರಿಗೆ ಒಂದು ಮಾತು ಹೇಳಿ ಹತ್ತುತ್ತಾರೆ.

"ಹೊರಡೋಣ್ವಾ ಮಿಸ್ ವರ್ಡೆಲ್, ಇಲ್ಲ ಇಡೀ ಬೀದಿಗೆ ಗುಂಡಿ ಹಾಕಿ ಬರ್ತೀರಾ?" ಚಾಲಕ ಆಲ್ಸೀ ಕನ್ನಡಿಯಲ್ಲೇ ಕೇಳುತ್ತಾನೆ.

"ನಿನ್ನ ಅಂಗಿ ಗುಂಡಿ ನೋಡ್ಕೋ ಮೊದ್ಲು. ಹೊಟ್ಟೆ ಆಚೆ ಬಂದು ಊರಿಗೆಲ್ಲ ಗುಡ್ ಮಾರ್ನಿಂಗ್ ಹೇಳ್ತಿದೆ."

ಎರಡನೆಯ ಸಾಲಿನ ಕಿಟಕಿ ಸೀಟು ಜೋನೆಲ್ ಎಂಬ ಹತ್ತು ವರ್ಷದ ಹುಡುಗಿಯದು. ಅವಳನ್ನು ಬಸ್ಸು ಹತ್ತಿಸುವುದು ಅಜ್ಜಿ. ತಾಯಿ ಕಾರ್ಲಿಸ್ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವವರು, ಕತ್ತಲಿರುವಾಗಲೇ ಹೋಗಿಬಿಟ್ಟಿರುತ್ತಾರೆ. ಜೋನೆಲ್ ಮಾತಾಡುವುದಿಲ್ಲ, ಗುನುಗುತ್ತಾಳೆ. ಬೇಸರವಾದರೆ ಸಣ್ಣಗೆ, ಖುಷಿಯಾದರೆ ಕಟ್ಟಡದ ಆ ತುದಿಗೂ ಕೇಳುವಂತೆ, ಚಪ್ಪಾಳೆ ಸಮೇತ. ಸದ್ದು ಹೆಚ್ಚಾದಾಗ ಹಾಕಿಕೊಳ್ಳಲು ದೊಡ್ಡದೊಂದು ಹೆಡ್‌ಫೋನ್ ಇದೆ. ಬೇರೆಯವರ ಸದ್ದಿಗೆ. ತನ್ನ ಸದ್ದಿನಿಂದ ಅವಳಿಗೆ ತೊಂದರೆಯಿಲ್ಲ.

ಈ ಶಾಲೆಯ ವಿಶೇಷವೆಂದರೆ ಅದಕ್ಕೆ ಹಿಂದಿನ ಕೋಣೆ ಇಲ್ಲ. ನಡೆಯಲಾರದವರು, ಮಾತಾಡದವರು, ಟೀಚರ್ ಲೆಕ್ಕ ಬರೆಯುವ ಮೊದಲೇ ಉತ್ತರ ಕೂಗುವವರು, ಎಲ್ಲರೂ ಒಂದೇ ತರಗತಿ. ಶಿಶುವಿಹಾರದಿಂದ ಎಂಟನೆಯವರೆಗೆ ಹೀಗೇ. ಹೊರಬಾಗಿಲ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಇಲ್ಲಿ ಎಲ್ಲರೂ ಒಟ್ಟಿಗೆ' ಎಂದು ಬರೆದಿದೆ. ಬಣ್ಣ ಮಾಸಿದಾಗಲೆಲ್ಲ ಬಳಿಯುತ್ತಾರೆ.

ಚಂಡಮಾರುತಕ್ಕೆ ಒಡ್ಡು ಒಡೆದು ದೊಡ್ಡ ನೀರು ನುಗ್ಗಿದ ವರ್ಷದಿಂದೀಚೆಗೆ ಈ ಊರಿನಲ್ಲಿ ನಮ್ಮ ಬೀದಿಯ ಶಾಲೆ ಎಂಬ ಮಾತಿಗೆ ಅರ್ಥ ಉಳಿದಿಲ್ಲ. ಶಾಲೆಗಳಿಗೆ ದುಡ್ಡು ಸರ್ಕಾರದ್ದು, ಆಡಳಿತ ಅವರವರದ್ದು, ಆರಿಸುವ ತಲೆನೋವು ತಂದೆತಾಯಿಯರದ್ದು. ಜನವರಿ ಬಂತೆಂದರೆ ಅವರು ಒಂದೊಂದೇ ಶಾಲೆ ಹೊಕ್ಕು ಬದನೆಕಾಯಿ ಆರಿಸುವವರಂತೆ ಒತ್ತಿ, ತಿರುಗಿಸಿ, ತೊಟ್ಟು ಹಿಡಿದು ನೋಡುತ್ತಾರೆ. ಇಷ್ಟವಾದವುಗಳನ್ನು ಒಂದು, ಎರಡು, ಮೂರು ಎಂದು ಬರೆದು ಕೊಡುತ್ತಾರೆ. ಉಳಿದದ್ದು ಚೀಟಿ ಎತ್ತಿದ ಹಾಗೆ. ಒಡಹುಟ್ಟಿದವರು ಅದೇ ಶಾಲೆಯಲ್ಲಿದ್ದರೆ ಮಾತ್ರ ಸೀಟು ಖಾತ್ರಿ. ಮಕ್ಕಳು ಸಾಲದ ಶಾಲೆ ಮುಚ್ಚುತ್ತದೆ. ವರ್ಡೆಲ್ ದುಡಿದ ಎರಡು ಶಾಲೆಗಳು ಹೀಗೆ ಮುಚ್ಚಿವೆ. ಒಂದರ ಕಟ್ಟಡದಲ್ಲಿ ಈಗ ಟೈರು ಮಾರುತ್ತಾರೆ.

"ಎರಡ್ನೇ ಸಲ ಮುಚ್ಚಿದಾಗ ಒಂದು ಮಗು ನನ್ನ ಏಪ್ರನ್ ಹಿಡ್ಕೊಂಡು ಬಿಡ್ಲೇ ಇಲ್ಲ. ಅದನ್ನ ಅದಕ್ಕೇ ಬಿಚ್ಚಿ ಕೊಟ್ಟು ಮನೆಗ್ಬಂದೆ," ಎನ್ನುತ್ತಾರೆ. "ಮೂರ್ನೇದು ಮುಚ್ಚೋದನ್ನ ನೋಡಕ್ಕೆ ನನ್ನ ಕೈಲಾಗಲ್ಲ ಅಂತ ಅವತ್ತೇ ಅಂದ್ಕೊಂಡೆ."

ನೋಡಲು ಬಂದವರು ಕೇಳುವ ಪ್ರಶ್ನೆಗಳು ಅವರಿಗೆ ಬಾಯಿಪಾಠ. ಊಟ ಏನು ಕೊಡ್ತೀರಿ, ಬ್ಯಾಂಡ್ ಇದೆಯಾ, ಗಣಿತ ಹೇಗೆ ಎಂಬವು ಗಟ್ಟಿಯಾಗಿ ಬರುತ್ತವೆ. ಕೊನೆಯದು ಮಾತ್ರ ಸಾವಿನ ಮನೆಯಲ್ಲಿ ಆಸ್ತಿ ವಿಚಾರಿಸುವ ದನಿಯಲ್ಲಿ: "ಆ ಥರದ ಮಕ್ಕಳು... ತರಗತಿಗೆ ಎಷ್ಟು ಜನ ಇರ್ತಾರೆ?"

ಎರಡು ಚಳಿಗಾಲದ ಹಿಂದೆ ಇಂಥದೇ ಒಂದು ಗುಂಪು ಜೋನೆಲ್ ತರಗತಿಯಲ್ಲಿ ನಿಂತಿತ್ತು. ಹೊಸ ಮುಖಗಳನ್ನು ಕಂಡ ಸಂತೋಷಕ್ಕೆ ಹುಡುಗಿ ದನಿ ಎತ್ತಿದಳು. ಒಬ್ಬ ತಾಯಿ ಒಂದು ಹೆಜ್ಜೆ ಹಿಂದೆ ಸರಿದು, ಕೈಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿಕೊಂಡಳು. ಅಷ್ಟೇ. ಆ ಕೈಚೀಲ ವರ್ಡೆಲ್ ಅವರ ಕಣ್ಣಿನಿಂದ ಹೋಗಲಿಲ್ಲ. ಮುಂದಿನ ಸಲ ನೋಡುವವರು ಬರುವ ಹೊತ್ತಿಗೆ ಅವರು ಜೋನೆಲ್‌ಳ ಕೈ ಹಿಡಿದು ಶಾಲೆಯ ಹಿತ್ತಲಿಗೆ ಹೋದರು. ಅಲ್ಲಿ ಮಕ್ಕಳೇ ಬೆಳೆಸುವ ಸಾಸಿವೆ ಸೊಪ್ಪಿನ ಪಾತಿಗಳಿವೆ. "ಬಾ ಪುಟ್ಟಿ, ನೀರು ಹಾಕಣ."

ಹೋಗು ಎಂದು ಯಾರೂ ಹೇಳಿರಲಿಲ್ಲ. ಎಲ್ಲಿಗೆ ಹೋಗಿದ್ರಿ ಎಂದೂ ಯಾರೂ ಕೇಳಲಿಲ್ಲ. ಪ್ರಾಂಶುಪಾಲರು ಒಮ್ಮೆ ಕಿಟಕಿಯಿಂದ ನೋಡಿ, ಸೊಪ್ಪು ಈ ಸಲ ಚೆನ್ನಾಗಿ ಬಂದಿದೆ ಎಂದರು. ಅಷ್ಟು ನೀರು ಕುಡಿದರೆ ಬರದೇ ಇರುತ್ತದೆಯೇ?

ವರ್ಡೆಲ್ ಇದನ್ನು ಕಲಿತದ್ದು ಶಾಲೆಯಲ್ಲಲ್ಲ, ಮನೆಯಲ್ಲಿ. ಒಂದರ ಹಿಂದೊಂದು ಕೋಣೆಗಳ ಉದ್ದನೆಯ ಮನೆ ಅವರದು. ತಮ್ಮ ಲೂಸಿಯನ್ ಹುಟ್ಟಿನಿಂದಲೇ ಬೇರೆ ಥರ. ಅವನನ್ನು ಸೇರಿಸಿಕೊಳ್ಳುವ ಶಾಲೆ ಆ ಕಾಲದಲ್ಲಿ ಇರಲಿಲ್ಲ. ದಿನವಿಡೀ ಜಗುಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಕೈ ಬೀಸುತ್ತಿದ್ದ. ನೆಂಟರು ಬರುವ ಭಾನುವಾರ ಮಾತ್ರ ತಾಯಿ ಪಡಸಾಲೆ ಗುಡಿಸಿ, ಒಳ್ಳೆಯ ಲೋಟ ತೆಗೆದಿಟ್ಟು, "ವರ್ಡೆಲ್, ಹಿಂದಕ್ಕೆ ಕರ್ಕೊಂಡ್ ಹೋಗೇ ಅವನ್ನ" ಎನ್ನುತ್ತಿದ್ದರು. ಕಟ್ಟಕಡೆಯ ಕೋಣೆಯಲ್ಲಿ ಅಕ್ಕ ತಮ್ಮ ಕೂತು ಬೀನ್ಸ್ ಆರಿಸುತ್ತಿದ್ದರು. ಅದು ಶಿಕ್ಷೆ ಎಂದು ಅವನಿಗೂ ಅನ್ನಿಸಲಿಲ್ಲ, ಇವರಿಗೂ ಅನ್ನಿಸಲಿಲ್ಲ. ಲೋಟ ಒರೆಸಿದಂತೆ ಅದೂ ಒಂದು ಕೆಲಸ.

"ನಮ್ಮಮ್ಮ ಕೆಟ್ಟೋಳಲ್ಲ," ಎನ್ನುತ್ತಾರೆ ವರ್ಡೆಲ್. "ನಾನೂ ಕೆಟ್ಟೋಳಲ್ಲ ಅಂತಲೇ ಅಂದ್ಕೊಂಡಿದ್ದೆ."

ಈ ಜನವರಿಯಲ್ಲಿ ಕಾರ್ಲಿಸ್ ಕೆಲಸಕ್ಕೆ ರಜೆ ಹಾಕಿ ಶಾಲೆ ನೋಡಲು ಬಂದರು. ಜೋನೆಲ್‌ಳ ತಮ್ಮ ಥಿಯೋಗೆ ಐದು ತುಂಬುತ್ತಿದೆ. ಅಕ್ಕನ ಶಾಲೆಯನ್ನೇ ಮೊದಲು ಬರೆದರೆ ಸೀಟು ಕೈಯಲ್ಲಿದ್ದಂತೆ. ಬರೆಯಬೇಕೇ ಎಂಬುದೇ ಪ್ರಶ್ನೆ. ಇಲ್ಲಿ ಓದುವ ಮಗುವಿನ ತಾಯಿ ಎಂದು ಹೇಳಿಕೊಂಡರೆ ಒಳ್ಳೆಯ ಕುರ್ಚಿ, ಒಳ್ಳೆಯ ಮಾತು ಸಿಗುತ್ತದೆ, ನೋಡಬೇಕಾದದ್ದು ಸಿಗುವುದಿಲ್ಲ. ಆದ್ದರಿಂದ ಹೇಳದೆ ಗುಂಪಿನಲ್ಲಿ ಒಬ್ಬರಾದರು. ಶಾಲೆ ತೋರಿಸುತ್ತಿದ್ದ, ಬೇರೆ ಮಗುವೊಂದರ ತಂದೆಯಾದ ಸ್ವಯಂಸೇವಕರಿಗೆ ಅವರ ಗುರುತಿರಲಿಲ್ಲ. ಗ್ರಂಥಾಲಯ ನೋಡಿದರು, ಬ್ಯಾಂಡಿನ ಕೋಣೆ ನೋಡಿದರು. ಕಾದದ್ದು ಮಾತ್ರ ನಾಲ್ಕನೆಯ ತರಗತಿಗೆ. ಮಗಳು ಎಲ್ಲರ ನಡುವೆ ಕೂತಿರುವುದನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಕುರ್ಚಿ ಖಾಲಿಯಿತ್ತು. ಅದರ ಬೆನ್ನಿಗೆ ಮಗಳ ಹೆಡ್‌ಫೋನ್ ನೇತುಬಿದ್ದಿತ್ತು. ಟೀಚರ್ ಬೋರ್ಡಿನ ಕಡೆ ತಿರುಗಿದ್ದರು. ಕಾರ್ಲಿಸ್ ಪಕ್ಕದಲ್ಲಿದ್ದ ಜಡೆಯ ಹುಡುಗಿಯನ್ನು ಮೆಲ್ಲಗೆ ಕೇಳಿದರು.

"ಇದು ಯಾರ ಕುರ್ಚಿ ಮರಿ?"

"ಜೋನೆಲ್‌ದು. ಸೊಪ್ಪಿಗೆ ನೀರು ಹಾಕಕ್ಕೆ ಹೋಗಿದಾಳೆ."

"ಪಾಠದ ಹೊತ್ತಲ್ಲಿ?"

"ನಿಮ್ಮಂಥವ್ರು ನೋಡಕ್ಕೆ ಬಂದಾಗ ಅವ್ಳು ಅಲ್ಲೇ ಇರೋದು," ಎಂದಳು ಹುಡುಗಿ, ಮಂಗಳವಾರ ಸಂಗೀತ ಎನ್ನುವಷ್ಟು ಸಹಜವಾಗಿ.

"ಮಳೆ ಬಂದ್ರೆ?"

"ಮಳೆ ಬಂದ್ರೆ ಗ್ರಂಥಾಲಯದ ಹಿಂದ್ಗಡೆ."

ಕಾರ್ಲಿಸ್ ಗುಂಪು ಬಿಟ್ಟು ಹಿತ್ತಲಿಗೆ ನಡೆದರು. ಅಲ್ಲಿ ತಾಯಿಯನ್ನು ಕಂಡದ್ದೇ ಜೋನೆಲ್ ನೀರಿನ ಡಬ್ಬ ಬಿಟ್ಟು ಇಡೀ ಕಟ್ಟಡಕ್ಕೆ ಕೇಳುವಂತೆ ದನಿ ತೆಗೆದಳು. ಒಳಗಿದ್ದ ಗುಂಪು ಕಿಟಕಿಗೆ ಬಂತು. ಎರಡು ಚಳಿಗಾಲದ ಜಾಣತನ ಒಂದೇ ಉಸಿರಿಗೆ ನೀರಾಯಿತು.

"ಅಯ್ಯೋ ಕಾರ್ಲಿಸ್, ನೀವಾ! ಬರ್ತೀನಿ ಅಂತ ಒಂದ್ಮಾತು ಹೇಳಿದ್ರೆ..."

"ಹೇಳಿದ್ರೆ ಏನ್ಮಾಡ್ತಿದ್ರಿ, ಮಿಸ್ ವರ್ಡೆಲ್? ಒಳಗೆ ಕೂರಿಸ್ತಿದ್ರಾ?"

"ಅವ್ಳಿಗೆ ನೀರು ಅಂದ್ರೆ ಭಾಳ..." ಎಂದು ಶುರು ಮಾಡಿದರು ವರ್ಡೆಲ್. ಅರ್ಧ ನಿಜವೇ. ಬಿದ್ದ ಡಬ್ಬ ಎತ್ತಿ ಪಾತಿಯ ಅಂಚಿಗಿಟ್ಟರು. "ಇಲ್ಲ. ನಾನೇ ಕರ್ಕೊಂಡ್ ಬಂದೆ. ನೋಡೋರು ಬರ್ತಾರೆ ಅಂತ."

"ಯಾರು ಹೇಳಿದ್ರು ನಿಮ್ಗೆ?"

"ಯಾರೂ ಹೇಳ್ಲಿಲ್ಲ."

"ಅದೇ ನೋಡಿ ಕಷ್ಟ. ಯಾರಾದ್ರೂ ಹೇಳಿದ್ರೆ ಅವ್ರ ಹತ್ರ ಹೋಗಿ ಜಗಳ ಆಡ್ತಿದ್ದೆ. ನಿಮ್ಮ ಹತ್ರ ಹೆಂಗಾಡ್ಲಿ? ನನ್ನ ಮಗಳಿಗೆ ಶೂ ಹಾಕೋದು ಕಲ್ಸಿದ್ದು ನೀವು."

ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ವರ್ಡೆಲ್. ಕಾರ್ಲಿಸ್ ಬೈಯಲಿಲ್ಲ. ಮಗಳ ಒದ್ದೆ ತೋಳನ್ನು ಮಡಚಿ, ಅವಳನ್ನು ತಾವೇ ತರಗತಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ ಹೋದರು. ಕೇಕ್ ತಿನ್ನಲಿಲ್ಲ.

ಅದೇ ಮಧ್ಯಾಹ್ನ ವರ್ಡೆಲ್ ಪ್ರಾಂಶುಪಾಲರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಪ್ರಾಂಶುಪಾಲರು ಕನ್ನಡಕ ತೆಗೆದು, ತೋಟಗಾರಿಕೆ ಆ ಹುಡುಗಿಯ ಪಾಠಕ್ರಮದಲ್ಲೇ ಇರಬೇಕು ಎಂದುಕೊಂಡಿದ್ದೆ ಎಂದರು. ತರಗತಿಯ ಟೀಚರ್ ಕೂಡ ಹಾಗೆಯೇ ಅಂದುಕೊಂಡಿದ್ದರು. ಯಾರೂ ಮಾಡದ ತಪ್ಪನ್ನು ಎಲ್ಲರೂ ಸೇರಿ ಮಾಡುವುದು ಹೇಗೆಂದು ತಿಳಿಯಬೇಕಾದವರು ಇಂಥ ಕೋಣೆಗಳಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮುಂದಿನ ಸಲದಿಂದ ಜೋನೆಲ್ ತನ್ನ ಜಾಗದಲ್ಲೇ ಇದ್ದಾಳೆ. ಗುಂಪು ಬಂದರೆ ದನಿ ಏರುತ್ತದೆ, ಚಪ್ಪಾಳೆ ಬೀಳುತ್ತದೆ. ಕೆಲವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ವರ್ಡೆಲ್ ಪಕ್ಕದ ಸಣ್ಣ ಕುರ್ಚಿಯಲ್ಲಿ ಮಂಡಿ ನೋಯಿಸಿಕೊಂಡು ಕೂತು, ಕಣ್ಣು ನೆಲಕ್ಕೆ ಹಾಕದಿರಲು ಪ್ರಯತ್ನಿಸುತ್ತಾರೆ. ಮೊನ್ನೆ ಒಬ್ಬ ತಾಯಿ ಜಡೆಯ ಹುಡುಗಿಯ ಕಡೆ ಬಗ್ಗಿ, "ನಿಂಗೆ ಇದ್ರಿಂದ ತೊಂದ್ರೆ ಆಗಲ್ವಾ?" ಎಂದು ಕೇಳಿದರು. ಹುಡುಗಿ, "ಯಾವ್ದರಿಂದ?" ಎಂದಳು. ನಂತರ ಯೋಚಿಸಿ, "ಈ ಕುರ್ಚಿ ಕಾಲು ಅಲ್ಲಾಡತ್ತೆ," ಎಂದಳು.

ಎಲೆಮರೆಯ ಕಾಯಿ ಎಂದು ನಮ್ಮ ಪತ್ರಿಕೆಯ ಈ ಪುರವಣಿಗೆ ವರ್ಡೆಲ್ ಅವರ ಹೆಸರು ಕೊಟ್ಟದ್ದು ಪ್ರಾಂಶುಪಾಲರೇ. ಶಾಲೆಯ ಹೆಸರು ಮಾತ್ರ ಬೇಡವೆಂದರು. ವರ್ಡೆಲ್ ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ಷರತ್ತು ಹಾಕಿದರು. "ಹಿತ್ತಲಿಂದೂ ಬರೀರಿ. ಬಸ್ಸು, ಗುಂಡಿ, ಮಂಡಿನೋವು ಇಷ್ಟೇ ಬರೆದ್ರೆ ನೀವೂ ಪಡಸಾಲೆ ಗುಡಿಸಿ ಕೂತ್ಕೊಂಡ್ರಿ ಅಂತ್ಲೇ."

ಅರ್ಜಿಯ ಕೊನೆಯ ದಿನ ಹತ್ತಿರವಾದಂತೆ ಬಸ್ಸಿನಲ್ಲಿ ಮಾತು ಕಡಿಮೆಯಾಯಿತು. ಕಾರ್ಲಿಸ್ ಏನು ಬರೆದರೆಂದು ಅಜ್ಜಿ ಹೇಳುವುದಿಲ್ಲ. ಜೋನೆಲ್‌ಳ ಬ್ಯಾಗು ಕೈಗೆ ಕೊಟ್ಟು, "ಚಳಿ ಜಾಸ್ತಿ ಇವತ್ತು" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ.

"ಕೇಳ್ಬಿಡಿ ಒಂದ್ಸಲ," ಎಂದ ಆಲ್ಸೀ. "ಬಾಯಿ ಬಾಡಿಗೆಗೆ ಕೊಟ್ಟಿದೀರಾ?"

"ಬಾಯಿ ಇದೆ ಕಣಪ್ಪಾ. ಮುಖ ಇಲ್ಲ."

ಆಲ್ಸೀ ಕನ್ನಡಿ ಸರಿಮಾಡಿಕೊಂಡು ಬಸ್ಸು ಮುಂದಕ್ಕೆ ಬಿಟ್ಟ.

ಏನಾಗಬೇಕು ನಿಮಗೆ ಎಂದು ಕೇಳಿದರೆ ವರ್ಡೆಲ್ ಸಂಬಳದ ಮಾತೆತ್ತುವುದಿಲ್ಲ, ಸನ್ಮಾನದ ಮಾತೂ ಇಲ್ಲ. "ಆ ಸಣ್ಣವನು ನಮ್ಮ ಬಸ್ ಹತ್ಬೇಕು. ಅಕ್ಕನ ಪಕ್ಕ ಸೀಟು ಖಾಲಿ ಇದೆ. ಅವನ ಗುಂಡಿ ನಾನೇ ಹಾಕ್ಬೇಕು." ಹೇಳಿದ ಮೇಲೆ, ಕೇಳಬಾರದ್ದನ್ನು ಕೇಳಿದವರಂತೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ.

ಏಪ್ರಿಲಿನಲ್ಲಿ ಕಾರ್ಲಿಸ್ ತಾವಾಗಿಯೇ ಫೋನ್ ಮಾಡಿದರು. ಹಿಂದಿನಿಂದ ಬಟ್ಟೆ ಒಗೆಯುವ ಯಂತ್ರಗಳ ಸದ್ದು.

"ಮಿಸ್ ವರ್ಡೆಲ್, ಜೋನೆಲ್‌ನ ಬಿಡಿಸಲ್ಲ. ಅವ್ಳಿಗೆ ನೀವು ಬೇಕು, ನಂಗೂ ಗೊತ್ತು. ಆದ್ರೆ ಥಿಯೋ... ಆ ಜಡೆ ಹುಡುಗಿ ಎಷ್ಟು ಚೆನ್ನಾಗಿ ಹೇಳಿದ್ಲು ಗೊತ್ತಾ, ನೀರು ಹಾಕಕ್ಕೆ ಹೋಗಿದಾಳೆ ಅಂತ. ಅಕ್ಕ ಎಲ್ಲಿ ಅಂದ್ರೆ ನನ್ನ ಮಗ ಹಂಗೆ ಹೇಳೋದನ್ನ ಕಲೀಬಾರ್ದು."

"ಈಗ ಅವ್ಳು ಒಳಗೇ ಕೂರ್ತಾಳೆ ಕಾರ್ಲಿಸ್."

"ಗೊತ್ತು. ಈಗ ಕೂರ್ತಾಳೆ."

ವರ್ಡೆಲ್ "ಸರಿ ಅಮ್ಮಾ" ಎಂದರು.

ಆಗಸ್ಟಿನಲ್ಲಿ ಥಿಯೋ ನದಿಯಾಚೆಯ ಬೇರೊಂದು ಶಾಲೆಗೆ ಸೇರುತ್ತಾನೆ. ಜೋನೆಲ್ ಇದೇ ಶಾಲೆಯಲ್ಲಿ ಐದನೆಯ ತರಗತಿಗೆ ಹೋಗುತ್ತಾಳೆ.