ಅಳಿಯನ ಎದುರು ಹೇಳಲಾಗದ ಮಾತು

ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ನಾನು ಸರ್ಜನ್ ಆಗಿದ್ದ ಕೊನೆಯ ವರ್ಷದ ಪ್ರಕರಣವಿದು. ಲೊಕ್ಕನಹಳ್ಳಿ ಕಡೆಯ ಜಯಮ್ಮ ಎಂಬ ನಲವತ್ತು ದಾಟಿದ ಹೆಂಗಸನ್ನು ಒಂದು ಬೆಳಿಗ್ಗೆ ಅವರ ಅಳಿಯ ಆಂಬುಲೆನ್ಸಿನಲ್ಲಿ ಕರೆತಂದ. ಹಾಲು ಕರೆಯುವಾಗ ಹಸು ಹೊಟ್ಟೆಗೆ ಒದ್ದಿತ್ತು. ಮುಖ ಬಿಳಚಿಕೊಂಡಿತ್ತು, ನಾಡಿ ಓಡುತ್ತಿತ್ತು, ಬಿ.ಪಿ. ಇಳಿಯುತ್ತಿತ್ತು.

ಹೊಟ್ಟೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸುರಿಯುತ್ತಿದ್ದರೆ ಸರ್ಜನ್ ಮೊದಲು ಸಂಶಯಪಡುವುದು ಸ್ಪ್ಲೀನ್, ಅಂದರೆ ಗುಲ್ಮವನ್ನು, ಆಮೇಲೆ ಲಿವರನ್ನು. ಸ್ಕ್ಯಾನಿನಲ್ಲಿ ಎರಡಕ್ಕೂ ಪೆಟ್ಟಾದಂತೆ ಕಾಣಲಿಲ್ಲ. ರಕ್ತ ಮಾತ್ರ ಕಿಬ್ಬೊಟ್ಟೆಯಲ್ಲಿ ತುಂಬಿತ್ತು. ಸ್ತ್ರೀರೋಗ ತಜ್ಞೆ ಡಾ. ಶೈಲಜಾ ಅವರನ್ನು ಕರೆಸಿದೆ. ಅವರು ಮುಟ್ಟಿನ ಬಗ್ಗೆ ಕೇಳಿದಾಗ ಜಯಮ್ಮ ಬಾಗಿಲಲ್ಲಿದ್ದ ಅಳಿಯನ ಕಡೆ ನೋಡಿ, ಅದೆಲ್ಲ ನಿಂತು ವರ್ಷವಾಯಿತು ಎಂದರು.

ಶೈಲಜಾ ಅಳಿಯನನ್ನು ರಕ್ತದ ಏರ್ಪಾಟಿಗೆ ಕಳಿಸಿ, ಪರದೆ ಎಳೆದು ಮತ್ತೆ ಕೇಳಿದರು. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮಗ್ಳು ಬಸ್ರಿ ಕಣವ್ವ. ನಂಗೂ ಮುಟ್ಟು ನಿಂತದೆ ಅಂತ ಯಾವ್ ಮಕ ಇಟ್ಕಂಡು ಏಳ್ಳಿ?"

ಮೂತ್ರ ಪರೀಕ್ಷೆ ಪಾಸಿಟಿವ್ ಬಂತು. ಗರ್ಭಕೋಶದ ಬದಲು ಅಂಡನಾಳದಲ್ಲಿ ಬಸಿರು ನಿಲ್ಲುವುದಕ್ಕೆ ಎಕ್ಟೋಪಿಕ್ ಎನ್ನುತ್ತಾರೆ. ಹೊಟ್ಟೆ ತೆರೆದಾಗ ಎಡಗಡೆಯ ನಾಳ ಒಡೆದಿತ್ತು. ಒದೆಯಿಂದಲೇ ಒಡೆಯಿತೋ, ಒಡೆಯಲಿದ್ದುದು ಆಗಲೇ ಒಡೆಯಿತೋ, ಖಚಿತವಾಗಿ ಹೇಳಲಾರೆ. ಕೆಲವು ದಿನಗಳಿಂದ ಕಿಬ್ಬೊಟ್ಟೆ ನೋವಿತ್ತಂತೆ; ಅದನ್ನೂ ಯಾರಿಗೂ ಹೇಳಿರಲಿಲ್ಲ. ನಾಳ ತೆಗೆದು, ರಕ್ತ ಕೊಟ್ಟು ಉಳಿಸಿಕೊಂಡೆವು.

ಎಚ್ಚರವಾದ ಮೇಲೆ ಅವರು ಕೇಳಿಕೊಂಡದ್ದು ಒಂದೇ: ಗಂಡನಿಗೆ ಹೇಳಿ, ಅಳಿಯನಿಗೆ ಬೇಡ. ಗಂಡ ಯಳಂದೂರಿನ ರೈಸ್‌ಮಿಲ್ಲಿನ ಕೆಲಸ ಬಿಟ್ಟು ಓಡಿ ಬಂದಿದ್ದರು. ವಿಷಯ ತಿಳಿದು ತಲೆ ತಗ್ಗಿಸಿದರು. "ಈ ವಯಸ್ನಲ್ಲಿ ಇದೆಲ್ಲ... ಬೀಗ್ರು ಏನಂದಾರು ಸಾ?" ಎಂದರು. ಸಂಜೆಯವರೆಗೂ ವಾರ್ಡಿನೊಳಗೆ ಹೋಗದೆ ಹೊರಗಿನ ಬೆಂಚಿನ ಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಒಳಗೆ ಹೆಂಡತಿ ಗೋಡೆ ಕಡೆ ತಿರುಗಿ ಮಲಗಿದ್ದರು.

ಮಗಳು ಮರುದಿನ ಬಂದಳು. ತಡೆಯಲಾರದೆ ತಂದೆಯೇ ಅವಳಿಗೆ ಹೇಳಿಬಿಟ್ಟಿದ್ದರು. ತುಂಬಿದ ಹೊಟ್ಟೆ ಹಿಡಿದುಕೊಂಡು ಮಂಚದ ಅಂಚಿಗೆ ಕೂತು ತಾಯಿಯ ತಲೆ ಬಾಚತೊಡಗಿದಳು.

"ನಂಗಾದ್ರೂ ಒಂದ್ ಮಾತು ಏಳ್ಬಾರ್ದಾಗಿತ್ತಾ ಅವ್ವ?"

ಜಯಮ್ಮ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಮಗಳು ಬಾಚುವುದನ್ನು ನಿಲ್ಲಿಸಲಿಲ್ಲ.

ಅಲ್ಲಿಂದಾಚೆಗೆ ಹೊಟ್ಟೆಗೆ ಪೆಟ್ಟು ಬಿದ್ದು ಬಂದ ಹೆಂಗಸರನ್ನು ಏನಾದರೂ ಕೇಳುವ ಮೊದಲು ಮನೆಯವರನ್ನು ಹೊರಗೆ ಕಳಿಸುತ್ತಿದ್ದೆವು. ಮುಟ್ಟು ನಿಲ್ಲುವ ವಯಸ್ಸು ಸಮೀಪಿಸಿದ್ದರೂ, ಉತ್ತರ ಏನೇ ಇದ್ದರೂ, ಒಪ್ಪಿಗೆ ಕೇಳಿ ಮೂತ್ರ ಪರೀಕ್ಷೆ ಮಾಡಿಸುತ್ತಿದ್ದೆವು. ಗಂಡನಿಂದಾದ ಬಸಿರನ್ನೇ ಹೇಳಿಕೊಳ್ಳಲಾಗದೆ ಹೆಂಗಸೊಬ್ಬಳು ಸಾಯಬಹುದು ಎಂಬುದನ್ನು ನನಗೆ ಯಾವ ಪಾಠದಲ್ಲೂ ಕಲಿಸಿರಲಿಲ್ಲ.