ಮರಾಠಿ ಅಕ್ಷರದಲ್ಲಿ ಬೀಸುವ ಹಾಡು

ಗೆಳೆಯರೇ, ಇವತ್ತು ಸಂಜೆ ಕನ್ನಡ ಸಂಘದ ಹಾಡಿನ ಮೇಳದಲ್ಲಿ ಕೂಗಾಡಿಬಿಟ್ಟೆ. ಭೋಸರಿಯಿಂದ ಬರುವ, ಮರಾಠಿ ಶಾಲೆಯಲ್ಲಿ ಓದುವ ಆರು ಹುಡುಗಿಯರೂ ನಮ್ಮ ಬೀಸುವ ಹಾಡನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದರು. ಹಾಳೆ ಕಸಿದುಕೊಂಡೆ. "ಕನ್ನಡ ಓದಾಕ ಬರದವ್ರು ಮೇಳಕ್ಕ ಬರಬ್ಯಾಡ್ರಿ!"

ಜೊತೆಗೆ ಹಾಡುವ ನನ್ನ ಅಕ್ಕ ಗಂಗವ್ವ ರೇಗಿದಳು. "ಲೇ ತಮ್ಮಾ, ಇವ್ರು ಹೋದ್ರ ಮೇಳದಾಗ ಉಳಿಯೋರು ನಾವಿಬ್ರ. ನಮ್ಮವ್ವಗ ಯಾವ ಅಕ್ಷರ ಬರ್ತಿತ್ತು? ಬೀಸ್ಕೋತ ನೂರು ಹಾಡು ಹಾಡ್ತಿದ್ದಿಲ್ಲೇನು?"

ಹಾಳೆಯಿಲ್ಲದೆ ಒಂದೊಂದೇ ಸಾಲು ಹೇಳಿಕೊಟ್ಟೆ. ಆರೂ ಮಂದಿ ಕೊನೆಯವರೆಗೆ ತಪ್ಪಿಲ್ಲದೆ ಹಾಡಿದರು.

ಹೊರಡುವಾಗ ಚಿಕ್ಕವಳು, "ಅಜ್ಜಾ, ಕನ್ನಡ ಅಕ್ಷರಾನೂ ನೀವ ಕಲಿಸ್ರಿ" ಎಂದಳು. ಮೂರನೇ ಇಯತ್ತೆಯಲ್ಲಿ ಶಾಲೆಯಿಂದ ಓಡಿಬಂದವನು ನಾನು. ಭಾನುವಾರದಿಂದ ಮಾಸ್ತರನಂತೆ!